ಖಲೀಲುಲ್ಲಾ ಸಾಬರ ಅರವತ್ತು ತೋಟಾ

ರೈಫಲ್ಲಿನ ನಳಿಗೆ ನನ್ನ ಕತ್ತಿನ ಹಿಂಭಾಗಕ್ಕೆ ತಾಗಿತು.

"ಕೈ ಮ್ಯಾಲಕ್ಕೆತ್ತು. ತಿರುಗಬ್ಯಾಡ."

ಎತ್ತಿದೆ.

ಮಧ್ಯಾಹ್ನ ಹನ್ನೆರಡೂವರೆ. ಪಾವಗಡ ಊರಿನಿಂದ ಒಂದೂವರೆ ಮೈಲಿ ಆಚೆ, ಸೀಸನ್ ಮುಗಿದು ಮುಚ್ಚಿದ್ದ ಕಡಲೆಕಾಯಿ ಮಿಲ್ಲು. ಮೇಲೆ ತಗಡಿನ ಸೂರು. ಒಳಗೆ ಉಸಿರಾಡಿದರೆ ಮೂಗು ಸುಡುತ್ತಿತ್ತು.

ಹಿಂದಿದ್ದವನು ನನ್ನ ಸೊಂಟ ತಡವಿದ. ಚಾಕು ಸಿಕ್ಕಿತು. ಕಿತ್ತುಕೊಂಡ. ಆಮೇಲೆ ಬೆನ್ನಿಗೊಂದು ಒದೆ ಕೊಟ್ಟ.

ಮುಗ್ಗರಿಸಿ ಬಿದ್ದೆ. ತಲೆ ಎತ್ತಿದರೆ ಎದುರಿಗೆ ಮರದ ಬೆಂಚು. ಬೆಂಚಿನ ಹಿಂದೆ ಬಿಳಿ ಗಡ್ಡದ ಒಬ್ಬರು ಕೂತಿದ್ದರು. ಎಡಗಾಲಿಗೆ ಸರಪಣಿ. ಬೆರಳುಗಳ ನಡುವೆ ಹೊಳೆಯುವ ಹೊಸ ಹಿತ್ತಾಳೆ ಕೊಳವೆ. ಅದನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಅದರ ಬಾಯೊಳಗೆ ನೋಡುತ್ತಿದ್ದರು. ನನ್ನ ಕಡೆ ತಿರುಗಲೂ ಇಲ್ಲ.

"ಬಾಗ್ಲು ಹಾಕ್ಕೊಳ್ರಪ್ಪ," ಎಂದರು. "ಧೂಳ್ ಬರ್ತದೆ."

ಒಂಬತ್ತು ದಿನದಿಂದ ಕಾಣೆಯಾಗಿದ್ದ ಖಲೀಲುಲ್ಲಾ ಸಾಬರು ಸಿಕ್ಕಿದ್ದರು.

ಹುಡುಕಲು ಬಂದ ನಾನೂ ಸಿಕ್ಕಿಬಿದ್ದಿದ್ದೆ.

ನನ್ನ ಹೆಸರು ಓಬಳೇಶ. ಸಿರಾ ಬಸ್ ಸ್ಟ್ಯಾಂಡಿನ ಎದುರು, ಸೈಕಲ್ ಶಾಪಿನ ಮಹಡಿಯ ಮೇಲೆ ನನ್ನದೊಂದು ರೂಮು. ಏಳು ವರ್ಷ ಪೊಲೀಸ್ ಪೇದೆಯಾಗಿದ್ದೆ. ಸಾಹೇಬರ ಭಾವಮೈದುನನ ಕೆನ್ನೆಗೆ ಹೊಡೆದ ಮೇಲೆ ಆ ಕೆಲಸ ಹೋಯಿತು. ಅಲ್ಲಿಂದ ಈಚೆಗೆ ಕಾಣೆಯಾದದ್ದನ್ನು ಹುಡುಕಿಕೊಡುವುದೇ ಕಸುಬು. ಲಾರಿ, ಎತ್ತು, ಓಡಿಹೋದ ಅಳಿಯ... ಯಾವುದಾದರೂ ಸರಿ.

ಅದು ಅರವತ್ನಾಲ್ಕನೇ ಇಸವಿ. ಯುಗಾದಿ ಕಳೆದು ಹದಿನೈದು ದಿನವಾಗಿತ್ತು. ಖಲೀಲುಲ್ಲಾ ಸಾಬರ ಹೆಂಡತಿ ಬದರುನ್ನೀಸಾ ನನ್ನ ರೂಮಿನ ಬಾಗಿಲಲ್ಲಿ ಬಂದು ನಿಂತರು. ಒಳಗೆ ಬರಲಿಲ್ಲ. ಕೂರಲಿಲ್ಲ.

"ನಮ್ಮ ಮನೆಯವರು ಕಾಣ್ತಿಲ್ಲ ಓಬಳೇಶಣ್ಣ. ಪಾವಗಡದ ಕಡೆ ಮಿಷನ್ ರಿಪೇರಿ ಅಂತ ಜೀಪಲ್ಲಿ ಕರ್ಕೊಂಡೋದ್ರು. ಸಂಜೆಗೆ ಬರ್ತೀನಿ ಅಂದಿದ್ರು."

"ಪೊಲೀಸ್‌ಗೆ ಹೇಳಿದ್ರಾ?"

"ಹೇಳ್ದೆ. ರಿಪೇರಿಗೆ ಹೋದೋರು ಬತ್ತಾರೆ ಹೋಗಮ್ಮ ಅಂದ್ರು." ಸೆರಗು ಸರಿಮಾಡಿಕೊಂಡು ದನಿ ತಗ್ಗಿಸಿದರು. "ಮಿಷನ್ ರಿಪೇರಿಗೆ ಹೋಗೋರು ತೋಟಾ ಒತ್ತೋ ಉಕ್ಕಿನ ಅಚ್ಚು, ಆ ಡೈ ಪೆಟ್ಟಿಗೆ ಯಾಕೆ ತಗೊಂಡೋಗ್ತಾರೆ, ನೀವೇ ಹೇಳಿ."

ಸಿರಾ ಪೇಟೆಯಲ್ಲಿ ಖಲೀಲುಲ್ಲಾ ಸಾಬರನ್ನು ಗೊತ್ತಿಲ್ಲದವರಿರಲಿಲ್ಲ. ಬೀಗ, ಪಂಪ್ ಸ್ಟೌ, ಲೈಸೆನ್ಸಿನವರ ಕೋವಿ, ಏನು ಕೊಟ್ಟರೂ ಸರಿಮಾಡುತ್ತಿದ್ದರು. ಹಿಂದೆ ಶಿಕಾರಿಯವರಿಗೆ ತೋಟಾ ತುಂಬಿಕೊಡುತ್ತಿದ್ದರು. ಬಿಟ್ಟು ಬಹಳ ವರ್ಷವಾಗಿತ್ತು.

ಅವರ ಹತ್ತಿರ ಕೋವಿ ರಿಪೇರಿ ಮಾಡಿಸಿಕೊಂಡವರನ್ನೆಲ್ಲ ಒಬ್ಬೊಬ್ಬರಾಗಿ ವಿಚಾರಿಸಿದೆ. ಸಿರಾದಲ್ಲಿ ಏನೂ ಸಿಗಲಿಲ್ಲ. ಮಧುಗಿರಿಯಲ್ಲೂ ಇಲ್ಲ. ಕೊರಟಗೆರೆಯ ಒಬ್ಬ ಶಿಕಾರಿ ಬಾಯಿಬಿಟ್ಟ. ತೋಟಾ ಕೆಲಸ ಗೊತ್ತಿರುವವರು ಯಾರು ಎಂದು ಪಾವಗಡದ ಮಿಲ್ಲಿನವರು ಎರಡು ತಿಂಗಳ ಹಿಂದೆ ಅವನನ್ನು ಕೇಳಿದ್ದರಂತೆ. ಸಾಬರ ವಿಳಾಸ ಕೊಟ್ಟವನು ಅವನೇ.

ಹಾಗೆ ಈ ಮಿಲ್ಲಿಗೆ ಬಂದೆ. ಹಿಂದಿನ ಕಿಟಕಿಯಿಂದ ಒಳಗಿಳಿದೆ. ಸಿಪ್ಪೆಯ ರಾಶಿ ಕಾಲಡಿ ಪಟಪಟ ಸದ್ದು ಮಾಡಿತು.

ಉಳಿದದ್ದು ಹೇಳಿದೆನಲ್ಲ.

ಒದ್ದವನ ಹೆಸರು ಪೆದ್ದಣ್ಣ. ಇಪ್ಪತ್ತೈದರ ಕಟ್ಟುಮಸ್ತಾದ ಆಳು. ಅರ್ಧ ಕನ್ನಡ, ಅರ್ಧ ತೆಲುಗು. ಅವನು ನನ್ನ ಕೈ ಕಟ್ಟುತ್ತಿದ್ದಾಗ ಮಿಲ್ಲಿನ ಯಜಮಾನ ಒಳಗೆ ಬಂದ.

ನಾಗಲಿಂಗಯ್ಯ. ಬಿಳಿ ಜುಬ್ಬ, ಜರಿ ಅಂಚಿನ ಪಂಚೆ, ಕಾಲಲ್ಲಿ ಕಿರುಗುಟ್ಟುವ ಚಪ್ಪಲಿ. ದನಿ ಎತ್ತಿ ಮಾತಾಡುವವನಲ್ಲ.

"ಯಾರಪ್ಪ ನೀನು?"

"ಕಡಲೆಕಾಯಿ ದಲ್ಲಾಳಿ."

"ಹೊಲ್ದಾಗೆ ಒಂದು ಹಸುರೆಲೆ ಇಲ್ಲ, ಕಡಲೆಕಾಯಿ ಕೊಳ್ಳಾಕೆ ಬಂದವ್ನೆ ನೋಡು ಪೆದ್ದಣ್ಣ." ಒಂದು ಚೀಲದ ಮೇಲೆ ಕರವಸ್ತ್ರ ಹಾಸಿ ಕೂತ. "ಸಿರಾದ ಓಬಳೇಶ ಅಲ್ವಾ ನೀನು? ಕೊರಟಗೆರೆಯಿಂದ ನಿನ್ನೇನೇ ಸುದ್ದಿ ಬಂತು."

ಕೊರಟಗೆರೆಯ ಶಿಕಾರಿ ಎರಡೂ ಕಡೆ ಬಾಯಿಬಿಟ್ಟಿದ್ದ.

"ಕೇಳಿಲ್ಲಿ," ಎಂದ ನಾಗಲಿಂಗಯ್ಯ. "ಇವತ್ತು ಸೋಮವಾರ. ಬೇಸ್ತವಾರ ಬೆಳಿಗ್ಗೆಗೆ ನಂಗೆ ಅರವತ್ತು ತೋಟಾ ಬೇಕು. ಒಂಬತ್ತು ದಿನ್ದಾಗೆ ಈ ಸಾಬ್ರು ಒಂದೂ ಮುಗಿಸಿಲ್ಲ. ವಯಸ್ಸಾದೋರು. ಹೊಡೆದ್ರೆ ಕೈ ನಡುಗ್ತದೆ, ಕೆಲಸ ಕೆಡ್ತದೆ. ಅದ್ಕೇ ನಾನೂ ಸುಮ್ನಿದ್ದೆ. ಈಗ ನೀನು ಸಿಕ್ದೆ. ನಿನ್ನ ಕೈ ನಡುಗಿದ್ರೆ ನಂಗೇನೂ ನಷ್ಟ ಇಲ್ಲ."

ಖಲೀಲುಲ್ಲಾ ಸಾಬರು ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದರು.

"ಆ ಮನುಷ್ಯನ್ನ ಬಿಟ್ಬಿಡಿ," ಎಂದರು. "ಮಾಡ್ಕೊಡ್ತೀನಿ."

"ಮಾಡಿಕೊಡಿ. ಆಮ್ಯಾಕೆ ಬುಡ್ತೀನಿ."

ಬಿಡುವುದಿಲ್ಲ ಎಂದು ನನಗೆ ಗೊತ್ತಿತ್ತು. ನಾನು ಅವನ ಮುಖ ನೋಡಿದ್ದೆ. ಅವನು ಮುಖ ಮುಚ್ಚಿಕೊಳ್ಳುವ ಗೋಜಿಗೂ ಹೋಗಿರಲಿಲ್ಲ.

ಕೈ ಬಿಚ್ಚಿ ನನ್ನನ್ನು ಸಾಬರ ಸಹಾಯಕ್ಕೆ ಕೂರಿಸಿದರು. ಬೆಂಚಿನ ಮೇಲೆ ಕೈಯಿಂದ ತಿರುಗಿಸುವ ಸ್ಕ್ರೂ ಪ್ರೆಸ್ಸು, ಅರ, ತಕ್ಕಡಿ. ಒಂದು ಬುಟ್ಟಿ ತುಂಬ ಹೊಸ ಹಿತ್ತಾಳೆ ಕೊಳವೆ. ಮದ್ದು ತುಂಬಿ ಗುಂಡು ಕೂರಿಸಿದರೆ ತೋಟಾ. ಇವು ಇನ್ನೂ ಖಾಲಿ. ಯಾವುದೋ ಕಾರ್ಖಾನೆಯಿಂದ ಕೆಲಸ ಮುಗಿಯುವ ಮೊದಲೇ ಕದ್ದು ತಂದ ಮಾಲು. ತಳದಲ್ಲಿ ಒಂದು ಅಕ್ಷರವಿಲ್ಲ, ನಂಬರಿಲ್ಲ.

ಅದಕ್ಕೇ ಇಷ್ಟು ರಗಳೆ. ಅಂಗಡಿಯ ತೋಟಾ ಕೊಂಡರೆ ಲೈಸೆನ್ಸಿನಲ್ಲಿ ಬರೆಯುತ್ತಾರೆ. ನಂಬರಿಲ್ಲದ ಹಿತ್ತಾಳೆ ರಸ್ತೆಯಲ್ಲಿ ಬಿದ್ದರೆ ಯಾರ ಹೆಸರನ್ನೂ ಹೇಳುವುದಿಲ್ಲ.

"ಹೊಸಾದು ಅಂದ್ರೆ ತಯಾರು ಅಂತಲ್ಲ ಭಾಯ್," ಎಂದರು ಸಾಬರು. "ನೋಡಿ, ಬಾಯಿ ನೆಗ್ಗಿದೆ. ಮೊದ್ಲು ಇದನ್ನ ದುಂಡಗೆ ಮಾಡ್ಬೇಕು. ಎಲ್ಲಾನೂ ಒಂದೇ ಉದ್ದಕ್ಕೆ ಕತ್ತರಿಸ್ಬೇಕು. ಬಾಯಿ ಒಳಗಿನ ಚೂಪು ತೆಗೀಬೇಕು, ಇಲ್ದಿದ್ರೆ ಗುಂಡು ಗೀರಿಕೊಳ್ತದೆ. ಆಮೇಲೆ ಡೈ."

"ಡೈ ಯಾವಾಗ ಹಾಕ್ತೀರಿ?"

"ಯಾವ ಡೈ ಅಂತ ಯೋಚನೆ ಮಾಡ್ತಿದೀನಿ."

"ಒಂಬತ್ತು ದಿನದಿಂದಾನಾ?"

"ಒಂಬತ್ತು ದಿನದಿಂದ."

ಸಾಬರು ಸಮಯ ಕಳೆಯುತ್ತಿದ್ದರು. ಯಾರಾದರೂ ಬರುತ್ತಾರೆಂದು ಕಾದಿದ್ದರು. ಬಂದವನು ನಾನು.

ಯಾರಿಗಾಗಿ ಈ ಅರವತ್ತು ತೋಟಾ? ಅದು ಸಂಜೆ ಊಟದ ಹೊತ್ತಿಗೆ ತಿಳಿಯಿತು.

ಮುದ್ದೆ ತಂದವರು ಗಂಗಹನುಮಯ್ಯ. ಅರವತ್ತು ದಾಟಿದ ಶಿಕಾರಿ. ನಾಗಲಿಂಗಯ್ಯನ ಜಮೀನಿನಲ್ಲೇ ಮನೆ. ಹೆಗಲಿಗೆ ಬಿಳಿಯರ ಕಾಲದ ರೈಫಲ್ಲು. ಅದರ ಮರ ಅವರ ಕೆನ್ನೆ ತಾಗಿ ತಾಗಿ ನುಣುಪಾಗಿತ್ತು.

"ಯಾವಾಗ ಮುಗೀತದೆ ಸಾಬ್ರೆ?" ಎಂದರು. "ಹಂದಿ ಕಾಟ ಜಾಸ್ತಿಯಾಗೈತಂತೆ. ಯಜಮಾನ್ರು ನನ್ನೂ ಬಾ ಅಂದವ್ರೆ."

ಪೆದ್ದಣ್ಣ ಬಾಗಿಲಲ್ಲಿ ನಿಂತು ನಕ್ಕ. "ಹಂದಿ ಬಸ್ಸಿನಾಗೆ ಬತ್ತದೆ ತಾತಾ."

"ಏನಂದೆ?"

"ಬೇಸ್ತವಾರ ಕದರಮ್ಮ ಮಧುಗಿರಿ ಕೋರ್ಟಿಗೆ ಹೋಗ್ತಾಳಲ್ಲ... ಯಜಮಾನ್ರ ತಮ್ಮನ ಮ್ಯಾಲೆ ಸಾಕ್ಷಿ ಹೇಳಾಕೆ. ಹೋಗಲ್ಲ ಅಂತ ಇಟ್ಕೋ."

ಗಂಗಹನುಮಯ್ಯನ ಕೈಯಲ್ಲಿದ್ದ ಸಾರಿನ ಚೆಂಬು ಅಲ್ಲೇ ನಿಂತಿತು.

ಕದರಮ್ಮನ ವಿಷಯ ಆ ಸೀಮೆಗೆಲ್ಲ ಗೊತ್ತಿತ್ತು. ಬಾವಿಯ ಜಗಳದಲ್ಲಿ ನಾಗಲಿಂಗಯ್ಯನ ತಮ್ಮ ಅವಳ ಗಂಡನನ್ನು ಕಡಿದುಹಾಕಿದ್ದ. ಕಣ್ಣಾರೆ ಕಂಡವಳು ಅವಳೊಬ್ಬಳೇ. ಈಗ ಇಬ್ಬರು ಪೇದೆಗಳ ಕಾವಲಿನಲ್ಲಿ ಬಸ್ಸಿನಲ್ಲಿ ಬರುತ್ತಾಳೆ.

"ಬಸ್ಸಿನಾಗೆ ಬ್ಯಾರೆ ಜನಾನೂ ಇರ್ತಾರಲ್ಲೋ," ಎಂದರು ಗಂಗಹನುಮಯ್ಯ.

"ಅದ್ಕೇ ಅರವತ್ತು," ಎಂದ ಪೆದ್ದಣ್ಣ.

ಗಂಗಹನುಮಯ್ಯ ಚೆಂಬು ಇಟ್ಟು ಹೋದರು. ಅವರ ಮನೆ, ಹೆಂಡತಿ, ಎರಡು ಎಮ್ಮೆ ಎಲ್ಲವೂ ಆ ಯಜಮಾನನ ಬೇಲಿಯೊಳಗೆ ಇದ್ದವು. ಅವರ ಕಾಲಿಗೆ ಸರಪಣಿ ಕಾಣುತ್ತಿರಲಿಲ್ಲ, ಅಷ್ಟೆ.

ಮಂಗಳವಾರ ಬೆಳಿಗ್ಗೆ ನಾನು ಸಾಬರ ಕಿವಿಯ ಹತ್ತಿರ ಬಗ್ಗಿದೆ.

"ಮದ್ದು ಎರಡರಷ್ಟು ತುಂಬಿಬಿಡಿ. ಹೊಡೆದವನ ಮುಖಕ್ಕೇ ರೈಫಲ್ ಸಿಡೀಲಿ."

"ಇಲ್ಲ."

"ಯಾಕಿಲ್ಲ?"

ಅವರು ಅರ ಕೆಳಗಿಟ್ಟರು. "ನಂಗಾಗ ಹತ್ತೊಂಬತ್ತು ವರ್ಷ. ಬುಕ್ಕಾಪಟ್ಟಣದ ಒಬ್ಬರಿಗೆ ಹತ್ತು ತೋಟಾ ತುಂಬಿಕೊಟ್ಟೆ. ಒಂದರಲ್ಲಿ ಅಳತೆ ತಪ್ಪಿತ್ತು. ಆ ಮನುಷ್ಯ ಈಗ್ಲೂ ಬದುಕಿದಾರೆ. ಮುಖ ಇಲ್ಲ. ಬಟ್ಟೆ ಕಟ್ಕೊಂಡು ಓಡಾಡ್ತಾರೆ. ಆವತ್ತಿಂದ ನನ್ನ ಕೈಯಿಂದ ಕೆಟ್ಟ ತೋಟಾ ಹೊರಗೆ ಹೋಗಿಲ್ಲ. ಹೋಗೋದೂ ಇಲ್ಲ."

"ಒಳ್ಳೇ ತೋಟಾ ಕೊಟ್ರೆ ಬಸ್ಸು ತುಂಬ ಹೆಣ ಬೀಳ್ತದೆ ಸಾಬ್ರೇ."

ಅವರು ಅರವನ್ನು ಮತ್ತೆ ಕೈಗೆತ್ತಿಕೊಂಡರು. ಕೊಳವೆಯ ಬಾಯಿ ಉಜ್ಜುತ್ತ ಕೂತರು. ಕೈ ಮಾತ್ರ ನಿಧಾನವಾಯಿತು.

ಇವರನ್ನು ನಂಬಿದರೆ ಕೆಟ್ಟೆ ಅಂದುಕೊಂಡೆ. ಓಡಬೇಕು. ಪಾವಗಡ ಸ್ಟೇಷನ್ನಿಗೆ ಮುಟ್ಟಿದರೆ ಸಾಕು.

ಸಿಪ್ಪೆಯನ್ನು ಹೊರಗೆ ತಳ್ಳುವ ತಗಡಿನ ದೋಣಿಯೊಂದು ಗೋಡೆಯಲ್ಲಿತ್ತು. ಮಧ್ಯಾಹ್ನ ಪೆದ್ದಣ್ಣ ಉಣ್ಣಲು ಕೂತಾಗ ಅದರೊಳಗೆ ನುಗ್ಗಿದೆ. ತಗಡು ಕಾದಿತ್ತು. ಮೊಣಕೈ ಚರ್ಮ ಅಲ್ಲೇ ಉಳಿಯಿತು.

ಹೊರಗೆ ಬಿದ್ದೆ. ಓಡಿದೆ.

ಬೋಳು ಹೊಲ. ಮರೆಯಾಗಲು ಒಂದು ಪೊದೆಯಿಲ್ಲ. ಎದುರಿಗೆ ಪಾವಗಡದ ಬೆಟ್ಟ ಬಿಸಿಲಲ್ಲಿ ಅಲ್ಲಾಡುತ್ತಿತ್ತು. ಅರ್ಧ ಮೈಲಿ ಓಡಿದ್ದೆನೋ ಏನೋ... ಹಿಂದೆ ಜೀಪಿನ ಸದ್ದು.

ಒಂದು ಬದು ಹಾರಿದೆ. ಇನ್ನೊಂದು ಹಾರಿದೆ. ಜೀಪು ಬದು ಹಾರಲಿಲ್ಲ. ಸುತ್ತಿ ಬಂತು. ಕೆರೆಯ ಏರಿ ಹತ್ತಿದರೆ ಆಚೆ ದನ ಕಾಯುವವರು ಇರಬಹುದು ಅಂದುಕೊಂಡು ಏರಿಗೆ ತಿರುಗಿದೆ.

ಹತ್ತಿದೆ. ಆಚೆ ಒಣಗಿದ ಕೆರೆ. ಒಂದು ನರಪಿಳ್ಳೆ ಇಲ್ಲ.

"ಯಾಡಿಕಿರಾ?" ಎಂದಿತು ಹಿಂದಿನಿಂದ ಒಂದು ದನಿ. ಪೆದ್ದಣ್ಣ ಜೀಪಿನಿಂದಿಳಿದು ನಡೆದೇ ಬಂದ. ಓಡುವ ಅಗತ್ಯ ಅವನಿಗಿರಲಿಲ್ಲ. "ಎಲ್ಲಿಗ್ಲಾ ಹೋಗ್ತಿದ್ದೆ? ಹೇಳಿದ್ರೆ ನಾನೇ ಬುಡ್ತಿದ್ನಲ್ಲ."

ನನ್ನ ಎಡಗೈಯನ್ನು ಕಲ್ಲಿನ ಮೇಲೆ ಇಡಿಸಿದ. ರೈಫಲ್ಲಿನ ಹಿಡಿಯಿಂದ ಒಂದೇ ಏಟು ಹಾಕಿದ.

ಎರಡು ಬೆರಳು ಮುರಿದ ಸದ್ದು ನನಗೆ ಮೊದಲು ಕೇಳಿತು. ನೋವು ಆಮೇಲೆ ಬಂತು.

ಮಿಲ್ಲಿಗೆ ತಂದು ಎಸೆದರು. ಈಗ ನನ್ನ ಕಾಲಿಗೂ ಸರಪಣಿ. ತಗಡಿನ ದೋಣಿಗೆ ಮೊಳೆ ಹೊಡೆದರು. ಕಿಟಕಿಗೆ ಹಲಗೆ ಬಡಿದರು. ಒಳಗೆ ಬೆಳಕು ಬೀಳುತ್ತಿದ್ದದ್ದು ಸೂರಿನ ಒಂದು ತೂತಿನಿಂದ ಮಾತ್ರ.

ಖಲೀಲುಲ್ಲಾ ಸಾಬರು ನನ್ನ ಕೈಯನ್ನು ಮಡಿಲಿಗೆ ತೆಗೆದುಕೊಂಡರು. ಬಿದಿರಿನ ಸೀಳು ಇಟ್ಟು ಬೆರಳು ನೇರಮಾಡಿ, ತಮ್ಮ ಟವೆಲ್ಲು ಹರಿದು ಕಟ್ಟಿದರು. ನಾನು ಹಲ್ಲು ಕಚ್ಚಿಕೊಂಡಿದ್ದೆ.

ಕಟ್ಟಿ ಮುಗಿಸಿ, ಡೈ ಪೆಟ್ಟಿಗೆಯನ್ನು ಹತ್ತಿರ ಎಳೆದುಕೊಂಡರು. ಎರಡು ಉಕ್ಕಿನ ತುಂಡು ತೆಗೆದು ಬೆಂಚಿನ ಮೇಲಿಟ್ಟರು.

"ಇದು ಪೂರಾ ಡೈ," ಎಂದರು ಮೆಲ್ಲಗೆ. "ಕೊಳವೆ ಇಡೀದಾಗಿ ಇದರೊಳಗೆ ಹೋಗ್ತದೆ. ಮೈ, ಹೆಗಲು, ಕತ್ತು, ಎಲ್ಲಾನೂ ಒತ್ತಿ ಕಂಪನಿ ಅಳತೆಗೆ ತರ್ತದೆ. ಅಂಥಾ ತೋಟಾ ಯಾರ ರೈಫಲ್‌ನಲ್ಲಾದ್ರೂ ಕೂತ್ಕೊಳ್ತದೆ."

"ಇನ್ನೊಂದು?"

"ಕತ್ತಿನ ಡೈ. ಗುಂಡು ಅಲ್ಲಾಡದ ಹಂಗೆ ಕತ್ತು ಮಾತ್ರ ಬಿಗಿ ಮಾಡ್ತದೆ. ಹೆಗಲನ್ನ ಮುಟ್ಟೋದೇ ಇಲ್ಲ." ಒಂದು ಕೊಳವೆ ಎತ್ತಿ, ಅದು ಸಣ್ಣದಾಗುವ ಜಾಗಕ್ಕೆ ಉಗುರು ತಾಗಿಸಿದರು. "ಈ ಮಾಲಿನ ಹೆಗಲು ಇನ್ನೂ ಇಳಿಸಿಲ್ಲ. ಇರಬೇಕಾದ ಜಾಗಕ್ಕಿಂತ ಒಂದು ಕೂದಲು ಮುಂದಿದೆ. ಕತ್ತಿನ ಡೈ ಮಾತ್ರ ಹಾಕಿದ್ರೆ ಹಂಗೇ ಉಳೀತದೆ. ರೈಫಲ್ ಒಳಗೆ ಹೋಗ್ತದೆ, ಹಿಂದಿನ ಬೋಲ್ಟು ಮಾತ್ರ ಮುಚ್ಚಲ್ಲ. ಅದು ಮುಚ್ಚದೆ ಗುಂಡು ಹಾರಲ್ಲ."

ನನ್ನ ಬೆರಳಿನ ನೋವು ಒಂದು ಕ್ಷಣ ಮರೆತುಹೋಯಿತು.

"ಇವರ ಎಲ್ಲಾ ರೈಫಲ್ಲಲ್ಲೂ?"

"ನಾಲ್ಕರಲ್ಲಿ ಮೂರರಲ್ಲಿ. ನಾಲ್ಕನ್ನೂ ತರಿಸಿ ಖಾಲಿ ಕೊಳವೆ ಹಾಕಿ ನೋಡಿದೀನಿ. ಗಂಗಹನುಮಯ್ಯಂದು ಹಳೇದು. ಒಳಗೆ ಸವೆದು ಜಾಗ ಆಗಿದೆ. ಅದರಲ್ಲಿ ಬರೋಬರಿ ಕೂತ್ಕೊಳ್ತದೆ. ಬೋಲ್ಟು ಮುಚ್ತದೆ. ಹೊಡೀತದೆ."

"ಒಂದು ರೈಫಲ್ಲು ಸಾಕಲ್ಲ ಸಾಬ್ರೇ, ಅವಳನ್ನ ಕೊಲ್ಲೋಕೆ."

"ಒಂದೂ ಹೊಡೀದಿದ್ರೆ ನಾಳೆ ಪರೀಕ್ಷೆ ಮಾಡೋವಾಗ್ಲೇ ನಮ್ಮ ಕತೆ ಮುಗೀತದೆ." ಪೂರಾ ಡೈಯನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ತಳಕ್ಕೆ ಇಟ್ಟರು. "ನಾಲ್ಕರಲ್ಲಿ ಮೂರು ನನ್ನ ಕೈಲಿದೆ. ನಾಲ್ಕನೇದು ಖುದಾನ ಕೈಲಿದೆ."

"ಕೆಟ್ಟ ತೋಟಾ ಮಾಡಲ್ಲ ಅಂದ್ರಿ."

"ಇದು ಕೆಟ್ಟದ್ದಲ್ಲ ಭಾಯ್." ಅವರಿಗೆ ನಿಜವಾಗಿಯೂ ಬೇಜಾರಾಯಿತು. "ಒಬ್ಬರ ಅಳತೆಗೆ ಹೊಲಿದ ಶೇರ್ವಾನಿ. ಇನ್ನೊಬ್ಬರಿಗೆ ಆಗಲ್ಲ, ಅಷ್ಟೆ."

ಅವತ್ತು ಸಂಜೆಯಿಂದ ಪ್ರೆಸ್ಸು ತಿರುಗಲು ಶುರುವಾಯಿತು. ನಾನು ಬಲಗೈಯಲ್ಲಿ ಒಂದೊಂದೇ ಕೊಳವೆ ಕೊಟ್ಟೆ. ಅವರು ಕತ್ತು ಒತ್ತಿದರು, ತಳಕ್ಕೆ ಕಿಡಿ ಹಾರಿಸುವ ಕ್ಯಾಪು ಕೂರಿಸಿದರು, ಮದ್ದು ತೂಗಿದರು, ಗುಂಡು ಇಟ್ಟರು. ಪ್ರತಿಯೊಂದನ್ನೂ ಒರೆಸಿ, ತಿರುಗಿಸಿ ನೋಡಿ, ಸಾಲಾಗಿ ನಿಲ್ಲಿಸಿದರು. ಸಾಯಿಸಲು ಹೊರಟವರಿಗೆ ಅಷ್ಟು ಅಂದವಾಗಿ ಯಾರೂ ಕೆಲಸ ಮಾಡಿಕೊಟ್ಟಿರಲಿಕ್ಕಿಲ್ಲ.

ಬುಧವಾರ ಮೂರು ಗಂಟೆಗೆ ನಾಗಲಿಂಗಯ್ಯ ಬಂದ. ಜೊತೆಗೆ ಪೆದ್ದಣ್ಣ, ಜೀಪಿನ ಡ್ರೈವರ್, ಗಂಗಹನುಮಯ್ಯ. ನಾಲ್ಕು ರೈಫಲ್ಲು.

"ಮಿಷನ್ ಹಾಕು," ಎಂದ.

ಸಿಪ್ಪೆ ಬಿಡಿಸುವ ಯಂತ್ರ ಖಾಲಿ ಹೊಟ್ಟೆಯಲ್ಲಿ ಗಡಗಡ ಸದ್ದು ಮಾಡತೊಡಗಿತು. ಆ ಸದ್ದಿನಲ್ಲಿ ಗುಂಡಿನ ಸದ್ದು ಹೊರಗೆ ಕೇಳುವುದಿಲ್ಲ. ಒಳಗಿನವರ ಕೂಗೂ ಕೇಳುವುದಿಲ್ಲ.

ನಾಗಲಿಂಗಯ್ಯ ಸಾಲಿನ ಮಧ್ಯದಿಂದ ತಾನೇ ಒಂದು ತೋಟಾ ಆರಿಸಿದ. ರೈಫಲ್ಲುಗಳ ಕಡೆ ನೋಡಿದ. ಪೆದ್ದಣ್ಣ ತನ್ನದನ್ನು ಮುಂದೆ ಚಾಚಿದ.

ಸಾಬರ ಕೈ ತಕ್ಕಡಿಯ ಮೇಲೆ ನಿಂತುಬಿಟ್ಟಿತು.

"ಯಾರ್ದಾದ್ರೂ ಹಳೇ ರೈಫಲ್‌ನಲ್ಲಿ ಹೊಡೆಸಿ," ಎಂದೆ ನಾನು. "ಹೆಚ್ಚುಕಮ್ಮಿಯಾದ್ರೆ ಹೊಸದು ಯಾಕೆ ಹಾಳಾಗ್ಬೇಕು?"

ನಾಗಲಿಂಗಯ್ಯ ನನ್ನನ್ನು ದಿಟ್ಟಿಸಿದ. ಆಮೇಲೆ ತೋಟಾವನ್ನು ಗಂಗಹನುಮಯ್ಯನ ಕೈಗೆ ಕೊಟ್ಟ. ಸಿಡಿದರೆ ಸಾಯಬೇಕಾದವನು ಮುದುಕನೇ ಆಗಲಿ ಎಂಬ ಲೆಕ್ಕ ಅವನ ಮುಖದಲ್ಲೇ ಕಾಣುತ್ತಿತ್ತು.

ಗಂಗಹನುಮಯ್ಯ ತೋಟಾ ಹಾಕಿ ಬೋಲ್ಟು ಮುಚ್ಚಿದರು. ಮುಚ್ಚುವಾಗ ಅವರ ಹೆಬ್ಬೆರಳು ಒಂದು ಕ್ಷಣ ತಡೆಯಿತು. ನಲವತ್ತು ವರ್ಷ ಅದೇ ಬೋಲ್ಟು ಎಳೆದವರು. ಅಂಗಡಿಯ ತೋಟಾ ಅದರಲ್ಲಿ ಸಡಿಲವಾಗಿ ಕೂರುತ್ತಿತ್ತು. ಇದು ಬಿಗಿಯಾಗಿ ಕೂತಿತ್ತು.

ತಲೆ ಎತ್ತಿ ಸಾಬರನ್ನು ನೋಡಿದರು. ಸಾಬರು ಕಣ್ಣು ತಗ್ಗಿಸಲಿಲ್ಲ.

ಗುಂಡು ಹಾರಿತು. ಸಿಪ್ಪೆ ಚೀಲದ ಮೇಲೆ ಬರೆದಿದ್ದ ಇದ್ದಿಲ ಗುರುತಿನ ನಟ್ಟನಡುವೆ ತೂತು.

"ಭೇಷ್," ಎಂದ ನಾಗಲಿಂಗಯ್ಯ. "ಈಗ ಪೆದ್ದಣ್ಣಂದ್ರಲ್ಲಿ ಒಂದು."

ಇನ್ನೊಂದು ಸಬೂಬು ನನ್ನ ಹತ್ತಿರ ಇರಲಿಲ್ಲ.

"ಯಾಕೆ ದಂಡ ಮಾಡ್ತೀರಿ ಯಜಮಾನ್ರೆ?" ಎಂದರು ಗಂಗಹನುಮಯ್ಯ, ರೈಫಲ್ಲಿನ ಬಾಯಿ ಒರೆಸುತ್ತ. "ನಾಕೂ ಒಂದೇ ಬೋರು, ಒಂದೇ ಅಳತೆ. ನಂದ್ರಾಗೆ ಹೊಡೆದಿದ್ದು ಎಲ್ಲದ್ರಾಗೂ ಹೊಡೀತದೆ. ಸದ್ದು ಕೇಳಿ ಯಾರಾನ ಬಂದ್ರೆ ಕಷ್ಟ."

ನಾಗಲಿಂಗಯ್ಯ ಯೋಚಿಸಿದ. ಯಂತ್ರ ನಿಲ್ಲಿಸಲು ಕೈ ಮಾಡಿದ.

ಬೇಸ್ತವಾರ ಬೆಳಿಗ್ಗೆ ಸರಪಣಿ ಬಿಚ್ಚಿ ನಮ್ಮಿಬ್ಬರನ್ನೂ ಜೀಪಿಗೆ ಹತ್ತಿಸಿದರು. ಸಾಬರು ಬೇಕಾಗಿದ್ದದ್ದು ರೈಫಲ್ಲಿಗೆ ಏನಾದರೂ ತೊಂದರೆಯಾದರೆ ನೋಡಲು. ನಾನು ಬೇಕಾಗಿದ್ದದ್ದು ಅಲ್ಲೇ ಬಿಟ್ಟುಬರಲು. ಜೀಪಿನಲ್ಲಿ ಎರಡು ಗುದ್ದಲಿ ಇದ್ದವು.

ಮಿಡಿಗೇಶಿ ದಾಟಿ ಮಧುಗಿರಿಯ ಕಡೆಗೆ ಹೋಗುವಾಗ ಒಂದು ದಿಬ್ಬ. ರಸ್ತೆಯ ಪಕ್ಕದಲ್ಲೇ ಆನೆಗಾತ್ರದ ಬಂಡೆಗಳು. ಬಸ್ಸು ಅಲ್ಲಿ ಏದುಸಿರು ಬಿಡುತ್ತ ಹತ್ತಬೇಕು. ನಡೆಯುವವರೂ ಅದನ್ನು ಹಿಂದೆ ಹಾಕಬಹುದು.

ಬಂಡೆಯ ಹಿಂದೆ ಕೂತೆವು. ನನ್ನ ಕೈ ಮುಂದಕ್ಕೆ ಕಟ್ಟಿತ್ತು. ಪೆದ್ದಣ್ಣ ರೈಫಲ್ಲಿಗೆ ತೋಟಾ ಹಾಕಲು ಹೊರಟ.

"ಈಗ್ಲೇ ಹಾಕಬ್ಯಾಡ ಕಣ್ಲಾ," ಎಂದರು ಗಂಗಹನುಮಯ್ಯ. "ಬೆವರು ಕೈ. ಜಾರಿ ಹೊಡೆದ್ರೆ ಬಸ್ಸು ಅಲ್ಲೇ ನಿಂತೋಗ್ತದೆ. ಬಸ್ಸು ಕಂಡ ಮ್ಯಾಲೆ ತುಂಬ್ಕ."

"ಅವರು ಹೇಳ್ದಂಗೆ ಮಾಡು," ಎಂದ ನಾಗಲಿಂಗಯ್ಯ. ಇವತ್ತು ಅವನ ಕೈಯಲ್ಲೂ ಒಂದು ರೈಫಲ್ಲಿತ್ತು.

ಆಗ ನನಗೆ ಖಾತ್ರಿಯಾಯಿತು. ಗಂಗಹನುಮಯ್ಯನಿಗೆ ಎಲ್ಲ ಗೊತ್ತು.

ಗೊತ್ತಿದ್ದೂ ಏನು ಮಾಡುತ್ತಾರೆ, ಅದು ಮಾತ್ರ ಗೊತ್ತಿರಲಿಲ್ಲ. ಹೊಡೆಯುವ ರೈಫಲ್ಲು ಅವರ ಕೈಯಲ್ಲೇ ಇತ್ತು. ಅವರ ಹೆಂಡತಿ ನಾಗಲಿಂಗಯ್ಯನ ಬೇಲಿಯೊಳಗಿದ್ದಳು.

ಒಂಬತ್ತೂಕಾಲು. ಇಂಜಿನ್ನಿನ ಸದ್ದು ಕೇಳಿತು. ಕೆಂಪು ಧೂಳು. ಬಸ್ಸು ದಿಬ್ಬದ ಬುಡಕ್ಕೆ ಬಂತು.

"ತುಂಬ್ಕಳ್ರಿ," ಎಂದ ನಾಗಲಿಂಗಯ್ಯ.

ಪೆದ್ದಣ್ಣ ತೋಟಾ ಹಾಕಿ ಬೋಲ್ಟು ತಳ್ಳಿದ. ಅದು ಅರ್ಧಕ್ಕೆ ನಿಂತಿತು. ಇನ್ನೊಮ್ಮೆ ತಳ್ಳಿದ. ಅಂಗೈಯಿಂದ ಗುದ್ದಿದ.

"ಏಂ ರಾ ಇದಿ... ಪೋವಟ್ಲೇದು, ಒಳಕ್ಕೆ ಹೋಗ್ತಿಲ್ಲ," ಎಂದ.

ಡ್ರೈವರನ ಬೋ‌ಲ್ಟೂ ಅರ್ಧಕ್ಕೆ ನಿಂತಿತ್ತು. ನಾಗಲಿಂಗಯ್ಯ ತನ್ನದನ್ನು ತಳ್ಳಿದ. ಮುಚ್ಚಲಿಲ್ಲ. ಬಲವಾಗಿ ಒತ್ತಿದ. ತೋಟಾ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ.

ಬಸ್ಸು ಬಂಡೆಗೆ ಸಮವಾಗಿ ಬಂತು. ಮೂರನೇ ಕಿಟಕಿಯಲ್ಲಿ ಕದರಮ್ಮ. ಪಕ್ಕದಲ್ಲಿ ಖಾಕಿ ಟೋಪಿ. ಅವಳು ಕಂಬಿಗೆ ಹಣೆಯಿಟ್ಟು ಹೊರಗೆ ನೋಡುತ್ತಿದ್ದಳು. ನಾನು ಕಲ್ಲೆಸೆದರೆ ಅವಳಿಗೆ ತಾಗುವಷ್ಟು ಹತ್ತಿರ.

"ಗಂಗಹನುಮಯ್ಯ," ಎಂದ ನಾಗಲಿಂಗಯ್ಯ. ಮೊದಲ ಸಲ ಅವನ ದನಿ ಏರಿತ್ತು. "ಹೊಡಿ."

ಮುದುಕರ ರೈಫಲ್ಲು ಭುಜದ ಮೇಲಿತ್ತು. ಕೆನ್ನೆ ಮರಕ್ಕೆ ತಾಗಿತ್ತು. ನಳಿಗೆ ಆ ಕಿಟಕಿಯ ಜೊತೆಗೇ ಮೆಲ್ಲಗೆ ಸರಿಯಿತು...

ಆಮೇಲೆ ಅವರು ರೈಫಲ್ಲನ್ನು ಕೆಳಗಿಳಿಸಿದರು.

"ನಂದೂ ಸಿಕ್ಕಾಕ್ಕೊಂಡದೆ ಯಜಮಾನ್ರೆ."

ಬಸ್ಸು ಮುಂದಕ್ಕೆ ಹೋಯಿತು. ಹತ್ತು ಮಾರು. ಇಪ್ಪತ್ತು ಮಾರು.

ನಾಗಲಿಂಗಯ್ಯ ಒಂದೇ ಹೆಜ್ಜೆಗೆ ಬಂದು ಆ ರೈಫಲ್ಲು ಕಿತ್ತುಕೊಂಡ. ಬೋಲ್ಟು ತಳ್ಳಿದ. ಬೆಣ್ಣೆಯಲ್ಲಿ ಚಾಕು ಇಳಿದಂತೆ ಮುಚ್ಚಿತು.

ಅವನಿಗೆ ಎಲ್ಲ ಅರ್ಥವಾಯಿತು. ಸಾಬರನ್ನು ನೋಡಿದ, ಮುದುಕರನ್ನು ನೋಡಿದ. ಆದರೆ ಮೊದಲು ಬಸ್ಸು. ಬಂಡೆಯ ಮೇಲೆ ಮೊಣಕೈ ಊರಿ ಗುರಿ ಹಿಡಿದ.

ನನ್ನ ಕೈ ಕಟ್ಟಿತ್ತು. ಕಾಲು ಕಟ್ಟಿರಲಿಲ್ಲ.

ತಲೆ ತಗ್ಗಿಸಿ ನುಗ್ಗಿದೆ. ನನ್ನ ಭುಜ ಅವನ ಪಕ್ಕೆಗೆ ಬಡಿಯಿತು. ಇಬ್ಬರೂ ಬಂಡೆಯಿಂದ ಉರುಳಿದೆವು. ನಡುವೆ ಎಲ್ಲೋ ರೈಫಲ್ಲು ಸಿಡಿಯಿತು.

ನನ್ನ ಬಲ ತೊಡೆಗೆ ಯಾರೋ ಸುತ್ತಿಗೆಯಿಂದ ಹೊಡೆದಂತಾಯಿತು.

ಸದ್ದು ಕೇಳಿ ಟೈರು ಸಿಡಿಯಿತೆಂದು ಬಸ್ಸಿನ ಡ್ರೈವರ್ ಬ್ರೇಕ್ ಹಾಕಿದ. ಇಬ್ಬರು ಪೇದೆಗಳು ಕೆಳಗೆ ಹಾರಿದರು. ಪೆದ್ದಣ್ಣ ತೋಟಾ ಸಿಕ್ಕಿಕೊಂಡ ರೈಫಲ್ಲು ಬಿಸಾಡಿ ಹೊಲದ ಕಡೆ ಓಡಿದ. ಜೀಪಿನ ಡ್ರೈವರ್ ಅವನಿಗಿಂತ ಮುಂದಿದ್ದ.

ನಾಗಲಿಂಗಯ್ಯ ಎದ್ದ. ಜುಬ್ಬ ಹರಿದಿತ್ತು. ರೈಫಲ್ಲು ಎರಡು ಮಾರು ಆಚೆ ಬಿದ್ದಿತ್ತು. ಅದರ ಕಡೆ ಹೆಜ್ಜೆ ಹಾಕಿದ. ಅಷ್ಟರಲ್ಲಿ ಗಂಗಹನುಮಯ್ಯ ಬಗ್ಗಿ ಅದನ್ನು ಎತ್ತಿಕೊಂಡರು. ಜೇಬಿನಿಂದ ಒಂದು ತೋಟಾ ತೆಗೆದರು. ಹಾಕಿದರು. ಬೋಲ್ಟು ಮುಚ್ಚಿದರು. ಎಲ್ಲವನ್ನೂ ನಿಧಾನವಾಗಿ ಮಾಡಿದರು.

ನಳಿಗೆ ಯಜಮಾನನ ಎದೆಗೆ ನೇರವಾಗಿತ್ತು.

"ಈಗ ಸರಿಹೋಯ್ತು ಯಜಮಾನ್ರೆ," ಎಂದರು. "ಕುಂತ್ಕಳಿ."

ನಾಗಲಿಂಗಯ್ಯ ಕೂತ. ಕರವಸ್ತ್ರ ಹಾಸಲಿಲ್ಲ.

ಕದರಮ್ಮ ಅವತ್ತೇ ಹನ್ನೊಂದೂವರೆಗೆ ಮಧುಗಿರಿ ಕೋರ್ಟಿನಲ್ಲಿ ಸಾಕ್ಷಿ ಹೇಳಿದಳು. ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ನನ್ನನ್ನು ಮಲಗಿಸಿ ಆಸ್ಪತ್ರೆಗೆ ಸೇರಿಸಿದ್ದರು. ನಾಗಲಿಂಗಯ್ಯನನ್ನು ಪೇದೆಗಳು ಅಲ್ಲೇ ಹಿಡಿದಿದ್ದರು, ಪೆದ್ದಣ್ಣನನ್ನು ಎರಡು ದಿನ ಬಿಟ್ಟು ಹಿಂದೂಪುರದಲ್ಲಿ ಹಿಡಿದರು. ಗಂಗಹನುಮಯ್ಯ ಹೆಂಡತಿ, ಎಮ್ಮೆಗಳ ಸಮೇತ ಕಳ್ಳಂಬೆಳ್ಳದ ಮಗಳ ಮನೆಗೆ ಹೋದರು. ನನ್ನ ಬೆರಳು ಕೂಡಿಕೊಂಡವು. ಚಳಿಗಾಲದಲ್ಲಿ ಕುಂಟುತ್ತೇನೆ. ಬೇಸಿಗೆಯಲ್ಲಿ ಅಷ್ಟಿಲ್ಲ.

ಉಳಿದದ್ದು ಖಲೀಲುಲ್ಲಾ ಸಾಬರ ವಿಷಯ.

ಲೈಸೆನ್ಸಿಲ್ಲದೆ ತೋಟಾ ತಯಾರಿಸಿದ ಕೇಸು ಅವರ ಮೇಲೂ ಬಿತ್ತು. ಕಾನೂನು ಕಾನೂನೇ. ಆದರೆ ದಾರಿ ಸುಲಭವಾಗಿತ್ತು. ಲಾಯರು ಮೂರು ಸಲ ಹೇಳಿಕೊಟ್ಟರು. ಜೀವಭಯದಿಂದ ಮಾಡಿದೆ, ಬೇಕೆಂದೇ ಕೆಲಸಕ್ಕೆ ಬಾರದ ತೋಟಾ ಮಾಡಿಕೊಟ್ಟೆ. ಅಷ್ಟು ಹೇಳಿದರೆ ಸಾಕು. ಸಂಜೆಗೆ ಸಿರಾ ಬಸ್ಸು ಹತ್ತಬಹುದು. ಬದರುನ್ನೀಸಾ ಅವರ ಬಟ್ಟೆ ಒಗೆದು ಮಡಿಚಿ ತಂದಿದ್ದರು.

ಮ್ಯಾಜಿಸ್ಟ್ರೇಟರು ಕೇಳಿದರು, "ಆ ತೋಟಾಗಳು ಕೆಟ್ಟಿದ್ದವು ಅಲ್ಲವೇ?"

ಸಾಬರು ಕಟಕಟೆಯಲ್ಲಿ ನೆಟ್ಟಗೆ ನಿಂತರು.

"ಇಲ್ಲ ಸಾಹೇಬ್. ಅರವತ್ತರಲ್ಲಿ ಒಂದೂ ಕೆಟ್ಟಿರಲಿಲ್ಲ."

ಲಾಯರು ತಲೆ ಮೇಲೆ ಕೈಯಿಟ್ಟರು. ಬದರುನ್ನೀಸಾ ಕಣ್ಣು ಮುಚ್ಚಿಕೊಂಡರು.

"ಏನು ಆಧಾರ?" ಎಂದರು ಮ್ಯಾಜಿಸ್ಟ್ರೇಟರು.

ಸಾಬರು ನನ್ನ ಕಡೆ ಕೈ ತೋರಿಸಿದರು. "ಅವರ ತೊಡೆ ನೋಡಿ ಸಾಹೇಬ್. ಈ ಕಡೆಯಿಂದ ಹೋಗಿ ಆ ಕಡೆಯಿಂದ ಬಂದಿದೆ. ಒಂದು ದಾರದಷ್ಟು ಸೊಟ್ಟ ಹೋಗಿಲ್ಲ."

ತೋರಿಸಲು ಹೇಳಿದರು.

ಪಂಚೆ ಎತ್ತಿ ತೋರಿಸಿದೆ. ಸಾಬರಿಗೆ ನಾಲ್ಕು ತಿಂಗಳು ಬಿತ್ತು.